ಆಮೆಯಣ್ಣನ ಕಾರ್ಡನ್ನು ಚಿಟಿಕೆ ಅಕ್ಕ ಎರಡನೇ ಸಲ ಓದಿದ್ದು

ಮಧ್ಯಾಹ್ನ ಒಂದೂವರೆಗೆ ಬಸ್ ಡಿಪೊದಲ್ಲಿ ಪಾಳಿ ಬದಲಾಗುತ್ತದೆ. ಬೆಳಗಿನ ಪಾಳಿ ಮುಗಿಸಿದ ಚಾಲಕರು ಒಬ್ಬೊಬ್ಬರಾಗಿ ಬಂದು ದಾಖಲೆ ವಿಭಾಗದ ಕಿಟಕಿಯ ಎದುರು ನಿಲ್ಲುತ್ತಾರೆ. ಕಿಟಕಿಗೆ ಮೇಲರ್ಧ ಗಾಜು, ಕೆಳಗರ್ಧ ತಂತಿಯ ಜಾಲರಿ. ಜಾಲರಿಯ ತಳದಲ್ಲಿ ಕೈ ತೂರುವಷ್ಟು ಸಂದು. ಆ ಸಂದಿನಲ್ಲಿ ಚಾಲಕ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಕಾರ್ಡೊಂದನ್ನು ಒಳಗೆ ತಳ್ಳುತ್ತಾನೆ. ಒಳಗೆ ಕೂತ ಮಹಿಳೆ ಕನ್ನಡಕವನ್ನು ಹಣೆಗೇರಿಸಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ, ಇನ್ನೊಂದು ಕೈಯಿಂದ ಸಹಿ ಪುಸ್ತಕವನ್ನು ಹೊರಗೆ ಸರಿಸುತ್ತಾರೆ. ಚಾಲಕ ಪೆನ್ನು ಹುಡುಕಿ ಮುಚ್ಚಳ ತೆಗೆಯುವುದರೊಳಗೆ ಕಾರ್ಡು ಮರಳಿ ಅವನ ಮುಂದಿರುತ್ತದೆ.

“ಓದಿ ಆಯ್ತಾ?”

“ಆಯ್ತು. ನಿಮ್ಮ ಸಹಿನೇ ಇನ್ನೂ ಆಗಿಲ್ಲ.”

ಈ ಎರಡು ಮಾತು ಆ ಕಿಟಕಿಯಲ್ಲಿ ಆರು ವರ್ಷಗಳಿಂದ ದಿನಕ್ಕೆ ಎಷ್ಟೋ ಸಲ ಆಗುತ್ತವೆ. ಆ ಮಹಿಳೆಗೆ ಐವತ್ತೊಂದು ವರ್ಷ. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ದಾಖಲೆ ಗುಮಾಸ್ತೆ ಎಂದಿದೆ. ಡಿಪೊದಲ್ಲಿ ಅವರಿಗಿಂತ ಹಿರಿಯರು, ಕಿರಿಯರು, ಮ್ಯಾನೇಜರು ಎಲ್ಲರೂ ಕರೆಯುವುದು ಚಿಟಿಕೆ ಅಕ್ಕ ಎಂದೇ.

ಆ ಹೆಸರು ಬರುವುದಕ್ಕೆ ಮುಂಚೆ ಕಿಟಕಿಯ ಹೊರಗೆ ಒಂದು ಬೆಂಚು ಬಂದಿತ್ತು. ಪ್ರತಿ ಬಸ್ಸಿನಲ್ಲೂ ಚಾಲಕನ ಸೀಟಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಇರುತ್ತದೆ. ಬಸ್ಸಿನ ವೇಗ, ಎಂಜಿನ್ ಸುತ್ತು, ಎಂಜಿನ್ ತಣಿಸುವ ನೀರಿನ ಬಿಸಿ, ಬ್ರೇಕು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೆಲ್ಲ ಅದು ಸೆಕೆಂಡಿಗೊಂದು ಸಲ ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ. ಜಾಗ ಉಳಿಸಲೆಂದು ಎಲ್ಲವನ್ನೂ ಬರೀ ಅಂಕಿಗಳನ್ನಾಗಿ ಮಾಡಿ, ನಡುವೆ ಬಿಡುವಿಲ್ಲದೆ ಒಂದರ ಹಿಂದೊಂದು ಪೋಣಿಸಿಡುತ್ತದೆ. ಕಣ್ಣಿನಿಂದ ನೋಡಿದರೆ ತಲೆಬುಡ ತಿಳಿಯುವುದಿಲ್ಲ. ಅದನ್ನು ಬಿಡಿಸಿ ಓದಲು ಪೆಟ್ಟಿಗೆ ಮಾಡಿದ ಕಂಪನಿಯೇ ಒಂದು ಪ್ರೋಗ್ರಾಂ ಕೊಟ್ಟಿತ್ತು. ಒಂದು ಕಾರ್ಡಿಗೆ ಅದು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಬಸ್ಸುಗಳು ಅರವತ್ತನಾಲ್ಕು, ಕಂಪ್ಯೂಟರು ನಾಲ್ಕು. ಕಾರ್ಡು ಓದಿ ಮುಗಿಯದೆ ಚಾಲಕ ಮನೆಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದವರು ಮಧ್ಯಾಹ್ನ ಮೂರರ ತನಕ ಆ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಕೆಲವರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಗೊರಕೆಯನ್ನೂ ಹೊಡೆಯುತ್ತಿದ್ದರು.

“ನಾನು ಏನೂ ಮಾಡದೆ ಕೂತಿರ್ತಿದ್ದೆ, ಅವರು ಏನೂ ಮಾಡದೆ ಕಾಯ್ತಿದ್ರು. ಮಧ್ಯೆ ಒಂದು ಜಾಲರಿ. ಯಾರು ಯಾರನ್ನ ನೋಡೋಕೆ ಬಂದಿದ್ದೀವಿ ಅನ್ನೋದೇ ಗೊತ್ತಾಗ್ತಿರಲಿಲ್ಲ,” ಎನ್ನುತ್ತಾರೆ ಅಕ್ಕ.

ಪೆಟ್ಟಿಗೆಯ ಜೊತೆ ಒಂದು ದಪ್ಪ ಕೈಪಿಡಿ ಬಂದಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಹರಿದಿರಲಿಲ್ಲ. ಹರಿದವರು ಅಕ್ಕ. ಕೊನೆಯ ಹತ್ತೊಂಬತ್ತು ಪುಟಗಳಲ್ಲಿ ಆ ಪೋಣಿಕೆಯ ಕ್ರಮ ಪೂರ್ತಿ ಇತ್ತು: ಮೊದಲಿಗೆ ಒಂದು ತಲೆಬರಹ, ಯಾವ ಅಂಕಿ ಯಾವ ಸ್ಥಾನದಲ್ಲಿ ಬರುತ್ತದೆ ಎಂಬ ಪಟ್ಟಿ, ಅದರ ಹಿಂದೆ ಅಂಕಿಗಳ ಸಾಲು. ಅಷ್ಟು ಹೊತ್ತಿಗೆ ಅವರಿಗೆ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪ್ರೋಗ್ರಾಂ ಬರೆಯುವುದನ್ನು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪಾಠಗಳಿಂದ ಕಲಿತರು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ತಿದ್ದುತ್ತಾರೆ. ಆ ಅಂಗಡಿಯವರು ಮೂಲೆಗೆ ಹಾಕಿದ್ದ ಕಂಪ್ಯೂಟರು ಮನೆಗೆ ಬಂತು. ಇಡಲು ಇದ್ದ ಜಾಗವೆಂದರೆ ಅಡುಗೆಮನೆಯ ಮೇಜು ಮಾತ್ರ. ಅದು ಅತ್ತೆಯ ಸಾಮ್ರಾಜ್ಯ. ಮಾತುಕತೆಯ ನಂತರ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಬಿತ್ತು: ಈಚೆ ತರಕಾರಿ, ಆಚೆ ಕಂಪ್ಯೂಟರು. ಬೆಳಿಗ್ಗೆ ಐದರಿಂದ ಆರು, ಭಾನುವಾರ ಇಡೀ ಮಧ್ಯಾಹ್ನ, ಹೀಗೆ ಎರಡು ವರ್ಷ.

“ಎರಡು ವರ್ಷದಿಂದ ಒಂದೇ ಕಾಗದ ಬರೀತಾ ಇದ್ದಾಳೆ. ಯಾರಿಗೆ ಅಂತ ಕೇಳಿದ್ರೆ ಬಸ್ಸಿಗೆ ಅಂತಾಳೆ,” ಎಂದು ಅತ್ತೆ ನೆರೆಯವರಲ್ಲಿ ಹೇಳಿಕೊಂಡಿದ್ದುಂಟು.

ಕಂಪನಿಯ ಪ್ರೋಗ್ರಾಂ ಏಕೆ ಅಷ್ಟು ನಿಧಾನ ಎಂಬುದನ್ನು ಅಕ್ಕ ಬೇಗನೆ ಕಂಡುಕೊಂಡಿದ್ದರು. ಅದು ಒಂದೊಂದು ಸಾಲಿನಲ್ಲೂ ಒಂದೊಂದು ಅಂಕಿಗೂ ನಿಂತು, ನೀನು ಯಾರು ಎಂದು ಕೇಳಿ, ಉತ್ತರವನ್ನು ಪೂರ್ತಿ ಬರೆದುಕೊಂಡು ಮುಂದೆ ಹೋಗುತ್ತಿತ್ತು. ಅಕ್ಕನ ಪ್ರೋಗ್ರಾಂ ತಲೆಬರಹವನ್ನು ಒಂದು ಸಲ ಓದುತ್ತದೆ. ವೇಗ ಮೂರನೇ ಸ್ಥಾನದಲ್ಲಿದೆ ಎಂದು ಗೊತ್ತಾದ ಮೇಲೆ ಪ್ರತಿ ಸಾಲಿನ ಮೂರನೇ ಸ್ಥಾನಕ್ಕೆ ನೇರವಾಗಿ ಜಿಗಿಯುತ್ತದೆ. ಮಿಕ್ಕದ್ದು ಯಾರಾದರೂ ಕೇಳಿದರೆ ಮಾತ್ರ. ಹನ್ನೊಂದು ನಿಮಿಷದ ಕೆಲಸ ಒಂದು ಸೆಕೆಂಡಿಗಿಂತ ಕಡಿಮೆಗೆ ಬಂತು.

ಅದರಲ್ಲಿ ಮೊದಲು ಓದಿದ ಕಾರ್ಡು ಹದಿನಾಲ್ಕನೇ ನಂಬರ್ ಬಸ್ಸಿನ ಚಾಲಕರದ್ದು. ಅವರು ಎಂದಿನಂತೆ ಬೆಂಚಿನ ಕಡೆ ತಿರುಗಿ, ಅರ್ಧ ಕೂತು, ಕರೆ ಕೇಳಿ ಮತ್ತೆ ಎದ್ದರು.

“ಇದೇನಕ್ಕ, ಚಿಟಿಕೆ ಹೊಡೆಯೋದ್ರೊಳಗೆ ಆಗೋಯ್ತು. ಸರಿಯಾಗಿ ಓದಿದ್ರೋ, ಮುಖ ನೋಡಿ ಕಳಿಸ್ತಿದ್ದೀರೋ?”

ಪ್ರೋಗ್ರಾಮಿಗೆ ಹೆಸರಿರಲಿಲ್ಲ. ಅಂದಿನಿಂದ ಅದು ಚಿಟಿಕೆ ಆಯಿತು, ಬರೆದವರು ಚಿಟಿಕೆ ಅಕ್ಕ ಆದರು. ಬೇರೆಯವರು ತಮ್ಮ ಪ್ರೋಗ್ರಾಮಿನೊಳಗೆ ಜೋಡಿಸಿಕೊಳ್ಳಬಹುದಾದ ಇಂಥ ಸಿದ್ಧ ಸಾಮಗ್ರಿಯನ್ನು ಕಂಪ್ಯೂಟರ್ ಕೆಲಸದವರು ಲೈಬ್ರರಿ ಎನ್ನುತ್ತಾರೆ. ಅಕ್ಕ ಅದನ್ನು ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಒಳಗೇನಿದೆ ನೋಡಬಹುದು, ತಪ್ಪಿದ್ದರೆ ಹೇಳಬಹುದು. ಅದೇ ಕ್ರಮದಲ್ಲಿ ಅಂಕಿ ಪೋಣಿಸುವ ಪೆಟ್ಟಿಗೆಗಳು ಬಸ್ಸಿನಲ್ಲಷ್ಟೇ ಅಲ್ಲ, ದೋಣಿ, ಲಿಫ್ಟು, ಕೋಲ್ಡ್ ಸ್ಟೋರೇಜುಗಳಲ್ಲೂ ಇದ್ದವು. ಕಂಡು ಕೇಳರಿಯದ ಊರುಗಳಿಂದ ಪತ್ರಗಳು ಬರತೊಡಗಿದವು. ಎಲ್ಲದಕ್ಕೂ ಅಕ್ಕ ಬೆಳಿಗ್ಗೆ ಐದಕ್ಕೆ ಗೆರೆಯಾಚೆ ಕೂತು ಉತ್ತರ ಬರೆದರು.

ಹದಿನಾಲ್ಕನೇ ನಂಬರಿನ ಚಾಲಕರನ್ನು ಇಲ್ಲಿ ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕು. ವಯಸ್ಸು ಐವತ್ತನಾಲ್ಕು. ಸ್ಟೀರಿಂಗ್ ಹಿಡಿದು ಇಪ್ಪತ್ತೇಳು ವರ್ಷ, ಅದರಲ್ಲಿ ಹತ್ತೊಂಬತ್ತು ಈ ಒಂದೇ ದಾರಿಯಲ್ಲಿ. ಆ ದಾರಿ ದೊಡ್ಡಾಸ್ಪತ್ರೆಯ ಮುಂದೆ ಹೋಗುತ್ತದೆ. ಹತ್ತುವವರಲ್ಲಿ ಅರ್ಧ ಜನ ಊರುಗೋಲಿನವರು, ಇನ್ನರ್ಧ ಅವರ ಕೈ ಹಿಡಿದವರು. ಅವರೆಲ್ಲ ಕೂತು, ಚೀಲ ಮಡಿಲಿಗೆಳೆದುಕೊಳ್ಳುವವರೆಗೆ ಈ ಚಾಲಕರು ಗೇರು ಹಾಕುವುದಿಲ್ಲ. ಹಿಂದಿನಿಂದ ಹಾರ್ನು ಹೊಡೆದರೆ ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಾರೆ. ಅವರಿಗೆ ಆಮೆಯಣ್ಣ ಎಂದು ಹೆಸರಿಟ್ಟವರು ಪ್ರಯಾಣಿಕರೇ.

ಇದೇ ಆಮೆಯಣ್ಣನ ಮೇಲೆ ಎರಡು ವಾರದ ಹಿಂದಿನ ಸೋಮವಾರ ಅತಿವೇಗದ ದೂರು ಬಂತು. ದೂರು ಕೊಟ್ಟದ್ದು ಮನುಷ್ಯರಲ್ಲ, ಚಿಟಿಕೆ. ಹಿಂದಿನ ವಾರದ ಕಾರ್ಡುಗಳ ಸಾರಾಂಶದಲ್ಲಿ ಅವರ ಹೆಸರಿನ ಮುಂದೆ ಕೆಂಪು ಸಾಲಿತ್ತು: ಮಿತಿ ಮೀರಿದ ಅವಧಿ ನಲವತ್ತೇಳು ನಿಮಿಷ, ಗರಿಷ್ಠ ವೇಗ ತೊಂಬತ್ತೊಂದು. ಊರೊಳಗಿನ ಮಿತಿ ನಲವತ್ತು. ಅರ್ಧ ಗಂಟೆಗಿಂತ ಹೆಚ್ಚು ಮಿತಿ ಮೀರಿದರೆ ವಿಚಾರಣೆ ಎಂದು ನಿಯಮವಿದೆ. ತಪ್ಪು ಸಾಬೀತಾದರೆ ಚಾಲಕನ ಬಿಲ್ಲೆ ವಾಪಸು, ನಿವೃತ್ತಿಯವರೆಗೆ ಬಸ್ಸು ತೊಳೆಯುವ ಅಂಗಳದಲ್ಲಿ ಕೆಲಸ. ವಿಚಾರಣೆ ಗುರುವಾರ ಎಂದು ನಿಗದಿಯಾಯಿತು. ಅಲ್ಲಿಯವರೆಗೆ ಅವರು ಪಾಳಿಯ ಹೊತ್ತಿನಲ್ಲಿ ಡಿಪೊದಲ್ಲಿ ಹಾಜರಿರಬೇಕು, ಸ್ಟೀರಿಂಗ್ ಮುಟ್ಟಬಾರದು.

ಆಮೆಯಣ್ಣ ಕಿಟಕಿಗೆ ಬಂದರು. “ಅಕ್ಕ, ನಾನು ತೊಂಬತ್ತೊಂದರಲ್ಲಿ ಓಡಿಸಿದೆ ಅಂತ ಮನೇಲಿ ಹೇಳಿದೆ. ನಮ್ಮನೆಯವಳು ನಂಬಲಿಲ್ಲ. ಆದ್ರೆ ಒಂಥರಾ ಖುಷಿಪಟ್ಟಳು.”

ಅಕ್ಕ ನಗಲಿಲ್ಲ.

“ಆ ಬಸ್ಸನ್ನ ಬೆಟ್ಟದ ಮೇಲಿಂದ ಉರುಳಿಸಿದ್ರೂ ತೊಂಬತ್ತು ಮುಟ್ಟಲ್ಲ ಅಕ್ಕ. ಇನ್ನೊಂದು ಸಲ ನೋಡಿ.”

“ನೋಡಿದೆ ಅಣ್ಣ. ಮೂರು ಸಲ ಓದಿಸಿದೆ. ಮೂರು ಸಲಾನೂ ಅದೇ ಬಂತು. ಚಿಟಿಕೆ ಸುಳ್ಳು ಹೇಳಲ್ಲ.”

ಆಮೆಯಣ್ಣ ಹೋಗಿ ಬೆಂಚಿನಲ್ಲಿ ಕೂತರು. ಆರು ವರ್ಷದಿಂದ ಆ ಬೆಂಚಿನ ಮೇಲೆ ಯಾರೂ ಐದು ನಿಮಿಷ ಕೂತಿರಲಿಲ್ಲ. ಈಗ ಬೆಳಗಿನಿಂದ ಒಂದೂವರೆವರೆಗೆ ಒಬ್ಬರೇ.

ಆ ಕಿಟಕಿಯಿಂದ ಬೆಂಚು ಕಾಣುತ್ತದೆ. ಮಂಗಳವಾರ ಹನ್ನೊಂದರ ಸುಮಾರಿಗೆ ಅಕ್ಕ ಒಂದು ಕೆಲಸ ಮಾಡಿದರು. ವರ್ಷಗಳಿಂದ ಅದನ್ನು ಮಾಡಿರಲಿಲ್ಲ. ಸಾರಾಂಶವನ್ನು ಪಕ್ಕಕ್ಕಿಟ್ಟು, ಆ ನಲವತ್ತೇಳು ನಿಮಿಷದ ಎಲ್ಲ ಅಂಕಿಗಳನ್ನೂ ಸೆಕೆಂಡು ಸೆಕೆಂಡಾಗಿ ಕಾಗದದ ಮೇಲೆ ಮುದ್ರಿಸಿಕೊಂಡರು. ಐವತ್ತಾರು ಹಾಳೆ. ಅಳತೆಪಟ್ಟಿ ಇಟ್ಟು ಸಾಲು ಸಾಲಾಗಿ ನೋಡುತ್ತ ಬಂದರು. ಹನ್ನೆರಡು ಮೂವತ್ತೊಂದಕ್ಕೆ ವೇಗ ಎಂಬತ್ತಾರು. ಬಾಗಿಲು, ತೆರೆದಿದೆ. ಮುಂದಿನ ಸೆಕೆಂಡು ಎಂಬತ್ತಾರು, ತೆರೆದಿದೆ. ಅದರ ಮುಂದಿನದು ಎಂಬತ್ತೇಳು, ತೆರೆದಿದೆ. ಹತ್ತೊಂಬತ್ತು ಸೆಕೆಂಡು ಬಾಗಿಲು ತೆರೆದುಕೊಂಡು ಬಸ್ಸು ಎಂಬತ್ತಾರರಲ್ಲಿ ಓಡಿತ್ತು. ಅದು ಆಸ್ಪತ್ರೆ ನಿಲ್ದಾಣ.

ಅಕ್ಕ ಕಣ್ಣನ್ನು ಪಕ್ಕದ ಸಾಲಿಗೆ ಸರಿಸಿದರು. ಅಲ್ಲಿ ಎಂಜಿನ್ ನೀರಿನ ಬಿಸಿ ಇರಬೇಕು. ಸೊನ್ನೆ ಡಿಗ್ರಿ. ಬಾಗಿಲು ಮುಚ್ಚಿದ ಮೇಲೆ ಆರು, ಹದಿನಾಲ್ಕು, ಇಪ್ಪತ್ತೆರಡು.

ವೇಗದ ಜಾಗದಲ್ಲಿ ಬಿಸಿ ಕೂತಿತ್ತು, ಬಿಸಿಯ ಜಾಗದಲ್ಲಿ ವೇಗ. ಆ ನಲವತ್ತೇಳು ನಿಮಿಷದಲ್ಲಿ ಆಮೆಯಣ್ಣನ ನಿಜವಾದ ಗರಿಷ್ಠ ವೇಗ ಮೂವತ್ತೆಂಟು.

ಅವರು ಎದ್ದು ವರ್ಕ್‌ಶಾಪಿಗೆ ಹೋದರು. ಬಸ್ಸುಗಳ ವೈರಿಂಗ್ ನೋಡಿಕೊಳ್ಳುವ ಮೇಸ್ತ್ರಿ ಬ್ಯಾಟರಿಯೊಂದರ ಮೇಲೆ ಬಗ್ಗಿದ್ದರು.

“ಮೇಸ್ತ್ರಿ, ಹೋದ ಗುರುವಾರ ಹದಿನಾಲ್ಕನೇ ನಂಬರಿನ ಪೆಟ್ಟಿಗೆ ಬದಲಾಯಿಸಿದ್ರಾ?”

“ಹೂಂ, ಕೊನೇ ನಿಲ್ದಾಣದಲ್ಲಿ. ಹಳೇದು ಸತ್ತೋಗಿತ್ತು. ಹೊಸದು ಹಾಕ್ದೆ.”

“ಕಾರ್ಡು?”

“ಹೊಸ ಕಾರ್ಡು ಹಾಕ್ಬೇಕು ಅಂತ ಗೊತ್ತು ಅಕ್ಕ. ಡಬ್ಬಿ ಖಾಲಿ ಇತ್ತು. ಬಸ್ ತುಂಬ ಜನ, ಒಂದಜ್ಜಿ ನನ್ನ ಬೆನ್ನಿಗೇ ಕೋಲಲ್ಲಿ ತಿವೀತಿದ್ರು. ಹಳೇ ಕಾರ್ಡನ್ನೇ ಸಿಕ್ಕಿಸ್ದೆ. ಯಾಕೆ, ನನ್ನ ತಲೆ ಮೇಲೆ ಬರುತ್ತಾ?”

“ಇಲ್ಲ. ನನ್ನ ತಲೆ ಮೇಲೆ.”

ಹೊಸ ಪೆಟ್ಟಿಗೆ ಮಾಡಬೇಕಾದದ್ದನ್ನು ಸರಿಯಾಗಿಯೇ ಮಾಡಿತ್ತು. ಅದು ಹೊಸ ಮಾದರಿಯದು, ಅಂಕಿಗಳ ಕ್ರಮ ಬೇರೆ. ಹಾಗಾಗಿ ಹಳೆಯ ಸಾಲುಗಳು ಮುಗಿದ ಜಾಗದಲ್ಲಿ, ಕಾರ್ಡಿನ ಕಡತದ ನಟ್ಟನಡುವೆ, ತನ್ನದೇ ತಲೆಬರಹವನ್ನು ಬರೆದು ಮುಂದುವರಿದಿತ್ತು. ಚಿಟಿಕೆ ತಲೆಬರಹವನ್ನು ಮೊದಲಲ್ಲಿ ಒಂದೇ ಸಲ ನೋಡುತ್ತದೆ. ಎರಡನೆಯದರ ಮೇಲೆ ಹಾಯ್ದು ಹೋಗಿತ್ತು. ಅದರ ವೇಗದ ಗುಟ್ಟೂ ಅದೇ, ತಪ್ಪೂ ಅದೇ.

ಅಕ್ಕನಿಗೆ ಆಗ ಇನ್ನೊಂದು ನೆನಪಾಯಿತು. ಎರಡು ವರ್ಷದ ಹಿಂದೆ ದೂರದ ಊರಿನ ಕೋಲ್ಡ್ ಸ್ಟೋರೇಜಿನ ಇಂಜಿನಿಯರ್ ಒಬ್ಬರು ಇದನ್ನೇ ಕೇಳಿದ್ದರು. ಚಿಟಿಕೆಯ ಪುಟದಲ್ಲಿ ಆ ಪ್ರಶ್ನೆ ಈಗಲೂ ಇತ್ತು: ಕಡತದ ನಡುವೆ ತಲೆಬರಹ ಬದಲಾದರೆ ಏನಾಗುತ್ತದೆ? ಕೆಳಗೆ ಅಕ್ಕನ ಉತ್ತರ: “ಹಾಗೆ ಬದಲಾಗುವುದಿಲ್ಲ. ಪ್ರತಿ ಸಲ ನೋಡುತ್ತ ಹೋದರೆ ವೇಗ ಹಾಳಾಗುತ್ತದೆ. ಬೇಡ.”

ಬುಧವಾರ ಬೆಳಗ್ಗೆ ಅವರು ಚಿಟಿಕೆಯನ್ನು ತಿದ್ದಿದರು. ಈಗ ಅದು ಪ್ರತಿ ಸಾಲಿನಲ್ಲೂ ನಿಂತು ನೋಡುತ್ತಿತ್ತು, ಕಾರ್ಡಿಗೆ ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಗೆರೆಯೀಚೆ ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆಗೆ ಸೊಸೆಯ ಮುಖದಲ್ಲೇನೋ ಕಂಡಿರಬೇಕು.

“ಏನೇ, ಕಾಗದ ವಾಪಸ್ ಬಂತಾ?”

“ಹೂಂ ಅತ್ತೆ. ತಪ್ಪು ಬರೆದಿದ್ದೆ.”

“ಯಾರಿಗೆ ಗೊತ್ತಾಯ್ತು?”

“ಸದ್ಯ ನನಗೆ.”

“ಹಾಗಾದ್ರೆ ಇನ್ನೂ ಒಬ್ಬರಿಗೆ ಹೇಳ್ಬೇಕಲ್ಲ,” ಎಂದ ಅತ್ತೆ ಬೀನ್ಸಿನ ಕಡೆ ತಿರುಗಿದರು.

ಅಕ್ಕನಿಂದ ವಿಷಯ ಕೇಳಿದ ಮ್ಯಾನೇಜರರ ಸಲಹೆ ಬೇರೆಯಿತ್ತು. ಅವರು ಕೆಟ್ಟವರಲ್ಲ, ಅರವತ್ತನಾಲ್ಕು ಬಸ್ಸು ಹೊತ್ತಿಗೆ ಸರಿಯಾಗಿ ಹೊರಗೆ ಹೋಗಬೇಕು ಎಂಬುದಷ್ಟೇ ಅವರ ಚಿಂತೆ. “ನೋಡಮ್ಮ, ಪೆಟ್ಟಿಗೆ ಕೆಟ್ಟಿತ್ತು ಅಂತ ಒಂದು ಸಾಲು ಬರೆದುಬಿಡೋಣ. ಅವನು ಉಳ್ಕೋತಾನೆ, ಚಿಟಿಕೇನೂ ಉಳ್ಕೊಳ್ಳುತ್ತೆ. ತಿದ್ದಿದ್ದೀರಲ್ಲ, ಮುಗೀತು.”

“ಪೆಟ್ಟಿಗೆ ಕೆಟ್ಟಿರಲಿಲ್ಲ ಸರ್.”

“ಅದ್ರಿಂದ ಪೆಟ್ಟಿಗೆಗೆ ಬೇಜಾರಾಗುತ್ತಾ?”

“ಮೇಸ್ತ್ರಿಗೆ ಆಗುತ್ತೆ. ಹಾಕಿದ್ದು ಅವರು.”

ಗುರುವಾರ ಪ್ರಧಾನ ಕಚೇರಿಯಿಂದ ಮೂವರು ಅಧಿಕಾರಿಗಳು ಬಂದರು. ಸಾಕ್ಷಿಗಳ ಪಟ್ಟಿಯಲ್ಲಿ ಅಕ್ಕನ ಹೆಸರಿರಲಿಲ್ಲ. ಕೇಳಿಕೊಂಡು ಒಳಗೆ ಹೋದರು. ಮೇಜಿನ ಮೇಲೆ ಅಳತೆಪಟ್ಟಿಯ ಗುರುತಿದ್ದ ಐವತ್ತಾರು ಹಾಳೆ ಇಟ್ಟರು, ಎರಡನೇ ತಲೆಬರಹ ಎಲ್ಲಿದೆ ಎಂದು ತೋರಿಸುವ ಒಂದು ಹಾಳೆ ಇಟ್ಟರು. ಕೊನೆಗೆ ಆ ಹಳೆಯ ಪ್ರಶ್ನೆ ಮತ್ತು ತಮ್ಮ ಉತ್ತರದ ಪ್ರತಿ. ಹಿರಿಯ ಅಧಿಕಾರಿ ಅದನ್ನು ಎರಡು ಸಲ ಓದಿದರು.

“ಇದನ್ನ ಯಾಕೆ ತಂದ್ರಿ? ಇದು ನಿಮಗೇ ವಿರುದ್ಧವಾಗಿದೆ.”

“ಇದಿಲ್ದಿದ್ರೆ ಪೆಟ್ಟಿಗೆ ತಪ್ಪು ಬರೆದಿದೆ ಅಂತ ನೀವು ಅಂದ್ಕೋತೀರಿ ಸರ್. ಅದು ಸರಿಯಾಗೇ ಬರೆದಿದೆ. ತಪ್ಪು ಓದಿದ್ದು ನಾನು.”

“ಹಾಗಾದ್ರೆ ಆರು ವರ್ಷದಲ್ಲಿ ಇನ್ನೆಷ್ಟು ತಪ್ಪು ಓದಿದ್ದೀರಿ?”

“ಗೊತ್ತಿಲ್ಲ ಸರ್. ಎಲ್ಲ ಮತ್ತೆ ಓದಿ ನೋಡ್ಬೇಕು.”

ಹಳೆಯ ಕಾರ್ಡುಗಳ ನಕಲು ಎರಡು ಲಕ್ಷ ಎಂಬತ್ತು ಸಾವಿರ ಇದ್ದವು. ಕಾರ್ಡಿಗೆ ನಾಲ್ಕು ಸೆಕೆಂಡಿನಂತೆ, ಅವನ್ನಿಟ್ಟಿದ್ದ ಒಂದೇ ಕಂಪ್ಯೂಟರು ಹಗಲಿರುಳು ನಿಲ್ಲದೆ ಓಡಿದರೆ ಹದಿಮೂರು ದಿನ. ಅಧಿಕಾರಿಗಳು ತಮ್ಮೊಳಗೆ ಮಾತಾಡಿಕೊಂಡರು. ಹಳೆಯ ಚಿಟಿಕೆಯನ್ನು ನಂಬಿ ತೆಗೆದುಕೊಂಡ ಕ್ರಮ ತಪ್ಪಾಗಿದ್ದರೆ, ಹೊಸ ಚಿಟಿಕೆಯನ್ನು ನಂಬಿ ಬಿಡುಗಡೆ ಮಾಡುವುದು ಹೇಗೆ? ಎಲ್ಲ ಓದಿ ಮುಗಿಯಲಿ, ಅಲ್ಲಿಯವರೆಗೆ ಚಾಲಕರು ಹೀಗೇ ಇರಲಿ ಎಂದರು.

ಹೊರಗೆ ಬೆಂಚಿನಲ್ಲಿ ಆಮೆಯಣ್ಣ ಕಿತ್ತಳೆ ಸುಲಿಯುತ್ತಿದ್ದರು. ಅಕ್ಕ ಬಂದು ಪಕ್ಕದಲ್ಲಿ ಕೂತು ಎಲ್ಲ ಹೇಳಿದರು.

“ಹದಿಮೂರು ದಿನಾನಾ? ನನಗಿಂತ ನಿಧಾನ ಆಗೋಯ್ತಲ್ಲ ನಿಮ್ಮ ಚಿಟಿಕೆ.”

“ಅಣ್ಣ, ಅವತ್ತು ನಿಮ್ಮ ಮಾತು ಕೇಳ್ಬೇಕಿತ್ತು ನಾನು.”

“ಕೇಳಿದ್ರಿ. ನಂಬಲಿಲ್ಲ, ಅಷ್ಟೆ.”

ಆಮೆಯಣ್ಣ ಹಣ್ಣಿನ ಅರ್ಧ ಭಾಗವನ್ನು ಅವರ ಕಡೆ ಚಾಚಿದರು. ಅಕ್ಕ ತೆಗೆದುಕೊಂಡರು.

ಆ ಸಂಜೆಯೇ ಕಂಪ್ಯೂಟರು ಓದಲು ಶುರು ಮಾಡಿತು. ಮನೆಗೆ ಹೊರಡುವ ಮುಂಚೆ ಅಕ್ಕ ಚಿಟಿಕೆಯ ಪುಟದಲ್ಲಿ, ಎಲ್ಲಕ್ಕಿಂತ ಮೇಲೆ, ಒಂದು ಸೂಚನೆ ಹಾಕಿದರು. ಯಾವ ಸಂದರ್ಭದಲ್ಲಿ ಚಿಟಿಕೆ ತಪ್ಪು ಓದುತ್ತದೆ, ಇದರಿಂದ ತಮ್ಮಲ್ಲಿ ಏನಾಯಿತು, ಬಳಸುವವರು ಹಳೆಯ ಕಡತಗಳಲ್ಲಿ ಏನನ್ನು ಹುಡುಕಬೇಕು ಎಂದು ವಿವರವಾಗಿ ಬರೆದು, ಎರಡು ವರ್ಷದ ಹಿಂದೆ ಒಬ್ಬರು ಎಚ್ಚರಿಸಿದ್ದರು, ನಾನು ಬೇಡ ಎಂದಿದ್ದೆ ಎಂದು ಮುಗಿಸಿದರು. ಹಳೆಯ ಉತ್ತರವನ್ನು ಅಳಿಸಲಿಲ್ಲ.

ಭಾನುವಾರ ಉತ್ತರ ಬಂತು. ಬರೆದವರು ಅದೇ ಕೋಲ್ಡ್ ಸ್ಟೋರೇಜಿನ ಇಂಜಿನಿಯರ್. ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ಪತ್ರದಲ್ಲಿ ಎಲ್ಲೂ ಇರಲಿಲ್ಲ. ಪೆಟ್ಟಿಗೆ ಅಂಕಿಗಳನ್ನು ನಿಮಿಷಕ್ಕೊಂದು ಕಂತಿನಂತೆ ಬರೆಯುತ್ತದೆ, ಹೊಸ ತಲೆಬರಹ ಬಂದರೆ ಕಂತಿನ ಆರಂಭದಲ್ಲೇ ಬರುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಅರವತ್ತು ಸಾಲಿಗೊಮ್ಮೆ ನಿಂತರೆ ಸಾಕು ಎಂದು ತೋರಿಸಿ, ಅದನ್ನು ಪ್ರೋಗ್ರಾಮಿನಲ್ಲೇ ಬರೆದು ಕಳಿಸಿದ್ದರು. ಕೈಪಿಡಿಯ ಆ ಪುಟವನ್ನು ಅಕ್ಕ ಎಷ್ಟೋ ಸಲ ಓದಿದ್ದರು.

ಈ ಸಲ ಅವರು ಅವಸರ ಮಾಡಲಿಲ್ಲ. ಬೆಂಚಿನಲ್ಲಿ ಕಾಯುತ್ತಿದ್ದವರು ಯಾರೆಂದು ಗೊತ್ತಿದ್ದೂ ಮಾಡಲಿಲ್ಲ. ಸಾವಿರ ಕಾರ್ಡು ಆರಿಸಿ, ಮೇಸ್ತ್ರಿಯಿಂದ ಬೇಕೆಂದೇ ಪೆಟ್ಟಿಗೆ ಬದಲಾಯಿಸಿ ಬರೆಸಿದ ಆರು ಕಾರ್ಡು ಸೇರಿಸಿ, ಎರಡೂ ರೀತಿಯಲ್ಲಿ ಓದಿಸಿ ಹೋಲಿಸಿದರು. ಒಂದು ಅಂಕಿಯೂ ಬೇರೆಯಾಗಲಿಲ್ಲ. ಸೋಮವಾರ ಮಧ್ಯಾಹ್ನ ಹೊಸದನ್ನು ಹಚ್ಚಿದರು. ಕಾರ್ಡಿಗೆ ಒಂದೂಕಾಲು ಸೆಕೆಂಡು.

“ಹದಿಮೂರು ದಿನ ಅಂದಿದ್ರಿ,” ಎಂದರು ಆಮೆಯಣ್ಣ, ಬುಧವಾರ. “ನಾನು ಹದಿಮೂರು ಕಿತ್ತಳೆ ಲೆಕ್ಕ ಹಾಕ್ಕೊಂಡಿದ್ದೆ.”

“ನಾಳೆ ಮುಗಿಯುತ್ತೆ ಅಣ್ಣ. ಉಳಿದದ್ದನ್ನ ಮೇಸ್ತ್ರಿಗೆ ಕೊಡಿ.”

ಗುರುವಾರ ಮಧ್ಯಾಹ್ನ ಓದು ಮುಗಿಯಿತು. ಎರಡು ಲಕ್ಷ ಎಂಬತ್ತು ಸಾವಿರದಲ್ಲಿ ನಡುವೆ ತಲೆಬರಹ ಇದ್ದ ಬೇರೆ ಕಾರ್ಡುಗಳು ಒಂಬತ್ತು. ಎಂಟರಲ್ಲಿ ಹೊಸ ಪೆಟ್ಟಿಗೆಯೂ ಹಳೆಯ ಮಾದರಿಯದೇ ಆಗಿದ್ದರಿಂದ ಅಂಕಿಗಳು ಸರಿಯಾಗಿದ್ದವು. ಒಂದರಿಂದ ಇನ್ನೊಬ್ಬ ಚಾಲಕರಿಗೆ ಈ ವರ್ಷದ ಆರಂಭದಲ್ಲಿ ಎಚ್ಚರಿಕೆಯ ಪತ್ರ ಹೋಗಿತ್ತು. ಅದನ್ನು ಹಿಂದಕ್ಕೆ ಪಡೆಯಲಾಗಿದೆ. ಆ ಚಾಲಕರ ಪಾಳಿ ಮುಗಿಯುವವರೆಗೆ ಅಕ್ಕ ಕಾದು, ಜಾಲರಿಯ ಹಿಂದಿನಿಂದಲ್ಲ, ಹೊರಗೆ ಬಂದು ವಿಷಯ ತಿಳಿಸಿದರು.

ಶುಕ್ರವಾರ, ಆಮೆಯಣ್ಣನ ತಪ್ಪಿಲ್ಲ ಎಂದು, ವಿಚಾರಣೆಯ ಕಡತಕ್ಕೆ ಮೂವರು ಅಧಿಕಾರಿಗಳ ಸಹಿ ಬಿತ್ತು. ಅಕ್ಕನ ಸೇವಾ ಪುಸ್ತಕದಲ್ಲಿ ಅವರ ಪ್ರೋಗ್ರಾಮಿನ ತಪ್ಪಿನ ಬಗ್ಗೆ ಒಂದು ಸಾಲು ಸೇರಿತು. ಓದಿ ನೋಡಲು ಅವರಿಗೆ ಕೊಟ್ಟಾಗ, ಅದರಲ್ಲಿ ದಿನಾಂಕ ತಪ್ಪಿದೆ ಎಂದು ತೋರಿಸಿ ಸರಿಮಾಡಿಸಿದರು. ಚಿಟಿಕೆಯ ಪುಟದಲ್ಲಿ ಈಗ ಕೋಲ್ಡ್ ಸ್ಟೋರೇಜಿನ ಇಂಜಿನಿಯರ್ ಹೆಸರು ಅಕ್ಕನ ಹೆಸರಿನ ಜೊತೆಗಿದೆ. ವೇಗದ ಅಂಕಿಗಳ ಕೆಳಗೆ ಒಂದು ಟಿಪ್ಪಣಿಯೂ ಇದೆ: ಹಿಂದಿನ ಆವೃತ್ತಿ ಇದಕ್ಕಿಂತ ವೇಗವಾಗಿತ್ತು, ಅದು ಎಲ್ಲವನ್ನೂ ನೋಡುತ್ತಿರಲಿಲ್ಲ.

ಕಾರ್ಡಿನ ಡಬ್ಬಿ ತುಂಬಿದೆ. ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಹದಿನಾಲ್ಕನೇ ನಂಬರ್ ಬಸ್ಸು ಆಮೆಯಣ್ಣನೊಂದಿಗೆ ಗೇಟು ದಾಟುತ್ತದೆ. ಅದರ ಕಾರ್ಡು ಒಂದೂವರೆಗೆ ಕಿಟಕಿಗೆ ಬರುತ್ತದೆ.